ಬಜಪೆ: ಕರಾವಳಿಯ ಮನೆಗಳ ಹೆಬ್ಬಾಗಿಲು

ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಹೊನ್ನಾವರ, ಭಟ್ಕಳ ಪಟ್ಟಣಗಳಲ್ಲಿ ನಡುರಾತ್ರಿ ಯಾವುದಾದರೊಂದು ಮನೆಯ ಮುಂದೆ ದೀಪ ಉರಿಯುತ್ತಿದ್ದು, ಅಂಗಳದಲ್ಲಿ ಬಾಡಿಗೆಯ ಕಾರು ನಿಂತಿದ್ದರೆ, ನೆರೆಹೊರೆಯವರು ಏನಾಯಿತೆಂದು ಗಾಬರಿಗೊಳ್ಳುವುದಿಲ್ಲ. ಆ ಮನೆಯಿಂದ ಯಾರೋ ಬಜಪೆಗೆ ಹೊರಟಿದ್ದಾರೆ, ಇಲ್ಲವೇ ಯಾರನ್ನೋ ಕರೆತರಲು ಹೊರಟಿದ್ದಾರೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಮಂಗಳೂರಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವು ಇಂದಿಗೂ ನಮ್ಮವರ ಬಾಯಲ್ಲಿ ಬಜಪೆಯೇ ಆಗಿ ಉಳಿದಿದೆ. ಕುಮಟೆಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಭಟ್ಕಳದವರಿಗೆ ಇದಕ್ಕಿಂತ ಅರವತ್ತು ಕಿಲೋಮೀಟರಿನಷ್ಟು ಕಡಿಮೆ. ದಾರಿ ದೂರವಾದರೂ ಅದು ಹೊರನಾಡಿನದೆಂದು ನಮಗೆ ಎಂದೂ ಅನಿಸಿಲ್ಲ. ಮನೆಯ ಹೊಸ್ತಿಲು ದಾಟಿದ ಮಗನಿಗೋ ಮಗಳಿಗೋ ಊರಿನ ಕೊನೆಯ ಹೊಸ್ತಿಲು ಅದೇ ಆಗಿದೆ.

ನಮ್ಮ ಪತ್ರಿಕೆಯ ಓದುಗ ಬಾಂಧವರಲ್ಲಿ ಬಹುಮಂದಿ ಘಟ್ಟದ ಮೇಲಿನವರು. ಕಡಲತೀರದ ಈ ಪಟ್ಟಣಗಳಲ್ಲಿ ನಮ್ಮ ಸಮಾಜದ ಮನೆಗಳು ಬೆರಳೆಣಿಕೆಯಷ್ಟು ಮಾತ್ರ. ಹಿಂದೆ ಧಾರವಾಡ ಸೀಮೆಯ ಹತ್ತಿಯು ಬಂಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಸಾಗುತ್ತಿತ್ತು. ಆ ಹತ್ತಿಗೆ ಪರದೇಶದ ಪೇಟೆಗಳಲ್ಲಿಯೂ 'ಕುಮಟಾ ಹತ್ತಿ' ಎಂಬ ಹೆಸರೇ ನಿಂತಿತು. ಹತ್ತಿಯ ಬಂಡಿಗಳ ಜೊತೆ ಇಳಿದು ಬಂದು ಇಲ್ಲಿಯೇ ನೆಲೆ ನಿಂತ ಮನೆತನಗಳಲ್ಲಿ ನಮ್ಮದೂ ಒಂದು. ಅಂದು ಕಾಯಕವನ್ನರಸಿ ಹಿರಿಯರು ಘಟ್ಟ ಇಳಿದರು. ಇಂದು ಅದೇ ಕಾಯಕವನ್ನರಸಿ ಮಕ್ಕಳು ಆಕಾಶಕ್ಕೆ ಏರುತ್ತಿದ್ದಾರೆ. ಅಂದಿನವರಿಗೆ ಘಟ್ಟದ ದಾರಿ ಇದ್ದಂತೆ ಇಂದಿನವರಿಗೆ ಬಜಪೆಯಿದೆ. ಆದ್ದರಿಂದ ಅದರ ಕಥೆಯನ್ನೂ, ಅದು ನಮಗೆ ಕಲಿಸಿದ ಒಂದು ಪಾಠವನ್ನೂ ಇಲ್ಲಿ ನಿವೇದಿಸಿಕೊಳ್ಳಲು ಬಯಸುತ್ತೇವೆ.

ಕಡಲ ಬಾಗಿಲಿನಿಂದ ಆಕಾಶದ ಬಾಗಿಲಿಗೆ

ಪರದೇಶದ ಸಂಪರ್ಕ ಈ ತೀರಕ್ಕೆ ಹೊಸದಲ್ಲ. ವಿಜಯನಗರದ ಅರಸರ ದಂಡಿಗೆ ಬೇಕಾದ ಅರಬ್ಬೀ ಕುದುರೆಗಳು ಭಟ್ಕಳ, ಹೊನ್ನಾವರಗಳ ಬಂದರುಗಳಲ್ಲಿ ಇಳಿಯುತ್ತಿದ್ದವು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತನು, ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳೂ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಇದ್ದುವೆಂದು ಬರೆದಿಟ್ಟಿದ್ದಾನೆ. 1498ರಲ್ಲಿ ವಾಸ್ಕೋ ಡ ಗಾಮಾ ಬಂದ ಮೇಲೆ ಪೋರ್ಚುಗೀಸರ ನಾವೆಗಳು ಈ ಬಂದರುಗಳ ಮೇಲೆ ಕಣ್ಣಿಟ್ಟವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು 'ಕಾಳುಮೆಣಸಿನ ರಾಣಿ' ಎಂದೇ ಕರೆದರು. ಭಟ್ಕಳದ ನವಾಯತ ಬಾಂಧವರಿಗಂತೂ ಕಡಲಾಚೆಯ ವ್ಯಾಪಾರವು ತಲೆತಲಾಂತರದಿಂದ ಬಂದದ್ದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ಎಣ್ಣೆಯ ಸಂಪತ್ತು ಹೆಚ್ಚಿದಾಗ ಅವರು ಮೊದಲು ಹೋದರು. ಬರಬರುತ್ತ ಎಲ್ಲ ಸಮಾಜಗಳ ಯುವಕರೂ ಅದೇ ದಾರಿ ಹಿಡಿದರು.

ಆದರೆ ಆ ದಾರಿ ಬಹುಕಾಲ ಮುಂಬಯಿಯ ಮೂಲಕವೇ ಸಾಗುತ್ತಿತ್ತು. ಬಜಪೆಯ ನಿಲ್ದಾಣ ಹಳೆಯದೇ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಅದನ್ನು ಉದ್ಘಾಟಿಸಿದ್ದರು. ಆದರೆ ಮೊದಲಿನ ಓಡುದಾರಿಯ ಉದ್ದ 1,615 ಮೀಟರ್ ಮಾತ್ರ. ದೂರದೇಶಕ್ಕೆ ಹಾರುವ ದೊಡ್ಡ ವಿಮಾನಗಳಿಗೆ ಅದು ಸಾಲದು. ಹೀಗಾಗಿ ದುಬೈಗೆ ಹೋಗುವ ಹುಡುಗನು ಮೊದಲು ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಮುಂಬಯಿಯ ದಾರಿ ಸವೆಸಬೇಕಾಗಿತ್ತು. ತಾಯಂದಿರಿಗೆ ಮಗನ ಬೀಳ್ಕೊಡುಗೆಯು ಬಸ್ ನಿಲ್ದಾಣದಲ್ಲೇ ಮುಗಿಯುತ್ತಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಲೋಕಾರ್ಪಣೆಯಾದ ಮೇಲೆ ಆ ಕಷ್ಟ ಕೊಂಚ ಇಳಿಯಿತು. 2006ರಲ್ಲಿ ಬಜಪೆಯಲ್ಲಿ 2,450 ಮೀಟರ್ ಉದ್ದದ ಎರಡನೆಯ ಓಡುದಾರಿ ಸಿದ್ಧವಾಗಿ, ಅದೇ ವರ್ಷ ದುಬೈಗೆ ನೇರ ವಿಮಾನ ಹಾರಿದಾಗ, ಈ ತೀರದ ಮನೆಗಳಿಗೆ ನಿಜಕ್ಕೂ ಒಂದು ಹೆಬ್ಬಾಗಿಲು ತೆರೆದಂತಾಯಿತು. 2010ರ ಮೇ 15ರಂದು ಕೆಂಜಾರಿನ ಕಡೆಗೆ ಹೊಸ ಟರ್ಮಿನಲ್ ಕಟ್ಟಡವೂ ಉದ್ಘಾಟನೆಗೊಂಡಿತು. 2020ರ ಅಕ್ಟೋಬರ್ ಕೊನೆಯಲ್ಲಿ ನಿಲ್ದಾಣದ ಆಡಳಿತವು ಅದಾನಿ ಸಂಸ್ಥೆಯ ಕೈಗೆ ಬಂತು.

ಬೆಟ್ಟದ ನೆತ್ತಿಯ ಮೇಲೆ

ಮೂಲ್ಕಿಯ ಬಳಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿ, ಕಟೀಲುಗಳ ಮಾರ್ಗವಾಗಿ ಸಾಗಿದವರಿಗೆ ಈ ನಿಲ್ದಾಣದ ವಿಶೇಷ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ ವಿಮಾನ ನಿಲ್ದಾಣಗಳು ಬಯಲಿನಲ್ಲಿರುತ್ತವೆ. ಇಲ್ಲಿಯಾದರೋ ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿ ಓಡುದಾರಿಯನ್ನು ಹಾಸಿದ್ದಾರೆ. ಅದರ ತುದಿಗಳಾಚೆ ಬಯಲಿಲ್ಲ, ಕಣಿವೆಯಿದೆ. ಮೇಜಿನ ಹಲಗೆಯಂತಿರುವ ಇಂತಹ ನಿಲ್ದಾಣಗಳನ್ನು 'ಟೇಬಲ್‌ಟಾಪ್' ಎನ್ನುತ್ತಾರೆ. ಮೇಲಿನಿಂದ ಬರುವ ಪೈಲಟ್ಟಿಗೆ ಇಂತಹ ನೆಲವು ಕೆಲವೊಮ್ಮೆ ಇದ್ದುದಕ್ಕಿಂತ ಬೇರೆ ಎತ್ತರದಲ್ಲಿರುವಂತೆ ಭ್ರಮೆ ಹುಟ್ಟಿಸುತ್ತದೆ. ಬಯಲಿನ ನಿಲ್ದಾಣದಲ್ಲಿ ವಿಮಾನ ದಾರಿ ಮೀರಿದರೆ ಕೆಸರಿನಲ್ಲಿ ನಿಂತೀತು. ಇಲ್ಲಿ ಮೀರಿದರೆ ನಿಲ್ಲಲು ನೆಲವಿಲ್ಲ. 1981ರ ಆಗಸ್ಟಿನಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೊ ವಿಮಾನವೊಂದು ಹಳೆಯ ಓಡುದಾರಿಯನ್ನು ಮೀರಿ ಅಂಚಿನಲ್ಲಿ ನಿಂತಿತು. ಪುಣ್ಯವಶಾತ್ ಜೀವಹಾನಿ ಆಗಲಿಲ್ಲ.

ಇಂತಹ ಎಡವಟ್ಟಿನ ನೆಲ ನಮ್ಮದು ಮಾತ್ರವೇ ಅಲ್ಲ. ಒಂದು ಕಾಲಕ್ಕೆ ನಮ್ಮ ತೀರಕ್ಕೆ ನಾವೆ ಕಳುಹಿಸಿದ ಪೋರ್ಚುಗಲ್ ದೇಶಕ್ಕೆ ಸೇರಿದ ಮದೈರಾ ದ್ವೀಪದಲ್ಲಿ ಫುಂಶಾಲ್ ಎಂಬ ನಗರವಿದೆ. ಬೆಟ್ಟ ಮತ್ತು ಕಡಲ ನಡುವೆ ಸಿಕ್ಕಿಕೊಂಡಿದ್ದ ಅಲ್ಲಿನ ಓಡುದಾರಿ 1,600 ಮೀಟರಿನಷ್ಟೇ ಇತ್ತು. 1977ರ ನವೆಂಬರ್ 19ರಂದು ಜಡಿಮಳೆಯಲ್ಲಿ ಇಳಿಯಲು ಬಂದ ವಿಮಾನವೊಂದು ಎರಡು ಸಲ ಇಳಿಯದೆ ಮೇಲೇರಿ, ಮೂರನೆಯ ಪ್ರಯತ್ನದಲ್ಲಿ ಓಡುದಾರಿ ಮೀರಿ ಕೆಳಗುರುಳಿತು. 131 ಮಂದಿ ಅಸುನೀಗಿದರು. ಆ ಮೇಲೆ ಅಲ್ಲಿಯ ಜನ ಓಡುದಾರಿಯನ್ನು ಹಂತಹಂತವಾಗಿ ಬೆಳೆಸಿದರು. 2000ದ ಹೊತ್ತಿಗೆ ಕಡಲಂಚಿನಲ್ಲಿ 180 ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ದಾರಿಯನ್ನು ಹಾಸಿ, 2,781 ಮೀಟರಿಗೆ ಹೆಚ್ಚಿಸಿದರು. ನೆಲ ಸಾಲದೆಡೆ ಮನುಷ್ಯನ ಜಾಣ್ಮೆ ನೆಲವನ್ನೇ ಕಟ್ಟಬಲ್ಲದು. ಆದರೆ ಎಷ್ಟು ಉದ್ದದ ದಾರಿಯೂ, ನಿಲ್ಲಬೇಕಾದಾಗ ನಿಲ್ಲದವನಿಗೆ ಸಾಲದು ಎಂಬುದನ್ನು ನಮಗೆ ಕಲಿಸಿದ್ದು ನಮ್ಮದೇ ಬಜಪೆ.

ನಾವು ಸಿಟ್ಟಾದ ಒಂದು ಬೆಳಗು

ಕೆಲವು ವರ್ಷಗಳ ಹಿಂದಿನ ಮಾತು. ಆಷಾಢದ ಮಳೆ ಹಿಡಿದಿತ್ತು. ದುಬೈಯಲ್ಲಿದ್ದ ನಮ್ಮ ಮಗಳು ಹತ್ತು ತಿಂಗಳ ಕೂಸಿನೊಡನೆ ಮೊದಲ ಬಾರಿ ತವರಿಗೆ ಬರುವವಳಿದ್ದಳು. ಎಂಬತ್ತು ದಾಟಿದ ನಮ್ಮ ತಾಯಿಯವರು ಮರಿಮಗುವನ್ನು ನಿಲ್ದಾಣದಲ್ಲೇ ನೋಡುವೆನೆಂದು ಹಟ ಹಿಡಿದರು. ರಾತ್ರಿ ಲಿಂಗಪೂಜೆ ಮುಗಿಸಿ, ವಿಭೂತಿಯ ಕರಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾರು ಹತ್ತಿದರು. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟುವಾಗ ನದಿ ಕಾಣಿಸಲಿಲ್ಲ. ಭಟ್ಕಳದಲ್ಲಿ ನಮ್ಮ ಸ್ನೇಹಿತರಾದ ನವಾಯತ ಕುಟುಂಬದ ಹಿರಿಯರೊಬ್ಬರು ಜೊತೆಗೂಡಿದರು. ಅದೇ ವಿಮಾನದಲ್ಲಿ ಅವರ ಮಗನೂ ಬರುವವನಿದ್ದ. ಮರವಂತೆಯಲ್ಲಿ ಕಡಲಿನ ಮೊರೆತವು ಮಳೆಯ ಸದ್ದನ್ನೂ ಮೀರಿ ಕೇಳುತ್ತಿತ್ತು.

ಬೆಳಗಿನ ಜಾವ ನಿಲ್ದಾಣದ ಗಾಜಿನ ಬಾಗಿಲಿನ ಮುಂದೆ ನಿಂತೆವು. ಟಿಕೇಟು ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ವಿಮಾನ ಬರುವ ಸದ್ದು ಕೇಳಿಸಿತು. ಸದ್ದು ಹತ್ತಿರವಾಯಿತು, ಇನ್ನೇನು ಇಳಿಯಿತು ಎನ್ನುವಷ್ಟರಲ್ಲಿ ಅಬ್ಬರಿಸಿ ಮೇಲೇರಿ ಮೋಡದಲ್ಲಿ ಕರಗಿಹೋಯಿತು. ಕೆಲಹೊತ್ತಿನ ಮೇಲೆ ಮತ್ತೊಮ್ಮೆ ಹಾಗೆಯೇ ಆಯಿತು. ಆಮೇಲೆ ವಿಮಾನವು ಬೆಂಗಳೂರಿಗೆ ಹೋಯಿತೆಂದು ತಿಳಿಸಿದರು. ನಮಗೆ ತಡೆಯಲಾರದ ಸಿಟ್ಟು ಬಂತು. ಮನೆಯ ಬಾಗಿಲಿಗೆ ಬಂದ ಕೂಸನ್ನು ಹಿಂದಕ್ಕೆ ಕಳಿಸಿದಂತಾಯಿತಲ್ಲ! ವಿಚಾರಿಸಲು ಹೋದ ನಾವು ಅಲ್ಲಿ ಕುಳಿತಿದ್ದ ಎಳೆಯ ವಯಸ್ಸಿನ ಉದ್ಯೋಗಿಯೊಬ್ಬಳ ಮೇಲೆ ಹರಿಹಾಯ್ದೆವು. "ಎರಡು ಸಲ ಬಂದು ಇಳಿಸಲಾಗದವರು ವಿಮಾನ ಏಕೆ ಓಡಿಸಬೇಕು?" ಎಂದು ಅಂದುಬಿಟ್ಟೆವು. ಆಕೆ ಏನೂ ಅನ್ನದೆ ನಮ್ಮ ತಾಯಿಯವರಿಗೆ ಕುರ್ಚಿ ತರಿಸಿಕೊಟ್ಟಳು.

ಹೊರಗೆ ಚಹಾ ಕುಡಿಯುತ್ತಿದ್ದ ಬಾಡಿಗೆ ಕಾರಿನ ವೃದ್ಧ ಚಾಲಕರೊಬ್ಬರು ನಮ್ಮ ಗೊಣಗಾಟ ಕೇಳಿ ಹತ್ತಿರ ಬಂದರು. ಆ ಊರಿನವರೇ. ಓಡುದಾರಿಯ ಆಚೆ ತುದಿಯ ಕಡೆಗೆ ಕೈ ತೋರಿಸಿ, "ಸ್ವಾಮೀ, ಅಂದಿನ ವಿಮಾನವೂ ಹೀಗೆಯೇ ಮೇಲೇರಿ ಹೋಗಿದ್ದರೆ ಆ ಗುಂಡಿಯಲ್ಲಿ ನಾವು ಹೆಣ ಎತ್ತಬೇಕಿರಲಿಲ್ಲ" ಎಂದರು. ಅಷ್ಟೇ ಅವರ ಮಾತು. ನಾವು ತಲೆ ತಗ್ಗಿಸಿದೆವು.

ಮೇ 22ರ ಆ ಮುಂಜಾನೆ

ಅವರು ಹೇಳಿದ್ದು 2010ರ ಮೇ 22ರ ಶನಿವಾರದ ಮಾತು. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 160 ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಇದ್ದರು. ಬೆಳಗಿನ ಆರು ಗಂಟೆ ದಾಟಿದ್ದಷ್ಟೇ. ಹೊಸ ಟರ್ಮಿನಲ್ ಉದ್ಘಾಟನೆಯಾಗಿ ಒಂದು ವಾರವಷ್ಟೇ ಕಳೆದಿತ್ತು. ಅಂದು ಮಳೆಯಿರಲಿಲ್ಲ, ಗಾಳಿಯೂ ಶಾಂತವಾಗಿತ್ತು. ಆದರೂ ವಿಮಾನವು ಓಡುದಾರಿಯನ್ನು ಮೀರಿ, ತುದಿಯಲ್ಲಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು, ಕಣಿವೆಗೆ ಉರುಳಿ ಹೊತ್ತಿ ಉರಿಯಿತು. 158 ಜೀವಗಳು ಹೋದವು. ಬದುಕಿ ಹೊರಬಂದವರು ಎಂಟೇ ಮಂದಿ. ಕರೆದುಕೊಂಡು ಹೋಗಲು ಬಂದು ಗಾಜಿನ ಬಾಗಿಲಿನ ಮುಂದೆ ನಿಂತಿದ್ದವರು ಶವಾಗಾರದ ಬಾಗಿಲಿಗೆ ಹೋಗಬೇಕಾಯಿತು. ಗುರುತು ಹಿಡಿಯಲಾಗದಷ್ಟು ಸುಟ್ಟ ದೇಹಗಳಿಗೆ ಡಿಎನ್‌ಎ ಪರೀಕ್ಷೆಯೊಂದೇ ದಾರಿಯಾಯಿತು. ಕೂಳೂರಿನ ಬಳಿ ಫಲ್ಗುಣಿ ನದಿಯ ದಂಡೆಯಲ್ಲಿ ಅವರ ಸ್ಮಾರಕವಿದೆ.

ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ವಿಚಾರಣಾ ನ್ಯಾಯಾಲಯವು ಕಾರಣಗಳನ್ನು ಶೋಧಿಸಿತು. ಅನುಭವಿಯಾದ ಮುಖ್ಯ ಪೈಲಟ್ ಪ್ರಯಾಣದ ಬಹುಭಾಗ ನಿದ್ರಿಸಿದ್ದರು. ಎಚ್ಚೆತ್ತ ಮೇಲೂ ನಿದ್ರೆಯ ಮಂಪರು ಹರಿದಿರಲಿಲ್ಲ. ಮಂಗಳೂರಿನ ರಾಡಾರ್ ಆ ದಿನಗಳಲ್ಲಿ ಕೆಟ್ಟಿತ್ತು. ಅದರಿಂದಾಗಿ ವಿಮಾನವು ಎತ್ತರದಿಂದ ಇಳಿಯಲು ಆರಂಭಿಸಿದ್ದೇ ತಡವಾಯಿತು. ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ, ಬಹಳ ವೇಗದಲ್ಲಿ ಅದು ಓಡುದಾರಿಗೆ ಬಂತು. ಕಿರಿಯರಾದ ಸಹಪೈಲಟ್ ಇಳಿಯುವುದನ್ನು ಬಿಟ್ಟು ಮೇಲೇರೋಣವೆಂದು ಮೂರು ಬಾರಿ ಹೇಳಿದರು. ಯಂತ್ರವೂ ಎಚ್ಚರಿಕೆ ಕೂಗಿತು. ಹಿರಿಯರು ಕೇಳಲಿಲ್ಲ. ಸುಮಾರು 8,000 ಅಡಿ ಉದ್ದದ ದಾರಿಯಲ್ಲಿ 5,200 ಅಡಿ ಕಳೆದ ಮೇಲೆ ಗಾಲಿಗಳು ನೆಲ ಮುಟ್ಟಿದವು.

ಇದರ ಮುಂದಿನ ಸಂಗತಿಯೇ ಇನ್ನಷ್ಟು ಮನ ಕಲಕುವಂಥದು. ನೆಲ ಮುಟ್ಟಿದ ಮೇಲೂ ಪೂರ್ಣವಾಗಿ ಬ್ರೇಕ್ ಒತ್ತಿದ್ದರೆ ವಿಮಾನವನ್ನು ನಿಲ್ಲಿಸಬಹುದಾಗಿತ್ತು ಎಂದು ವಿಚಾರಣೆಯು ಕಂಡಿತು. ಆದರೆ ಆಗ, ಹೊತ್ತು ಮೀರಿದ ಮೇಲೆ, ಮತ್ತೆ ಮೇಲೇರುವ ಯತ್ನ ನಡೆಯಿತು. ಹಿಂದಿರುಗುವುದಕ್ಕೂ ಒಂದು ಹೊತ್ತುಂಟು. ಆ ಹೊತ್ತು ಕಳೆದ ಮೇಲೆ ಹಿಂದಿರುಗುವುದೇ ಅಪಾಯ.

ಪೈಲಟ್ಟರ ಭಾಷೆಯಲ್ಲಿ ಇಳಿಯದೆ ಮೇಲೇರಿ ಸುತ್ತಿ ಬರುವುದಕ್ಕೆ 'ಗೋ ಅರೌಂಡ್' ಎನ್ನುತ್ತಾರೆ. ಅದು ಸೋಲಲ್ಲ, ಪ್ರತಿಯೊಬ್ಬ ಪೈಲಟ್ಟನಿಗೂ ಕಲಿಸುವ ಕ್ರಮಬದ್ಧ ವಿಧಾನ. ದಾರಿ ಸರಿಯಾಗಿ ಕಾಣದಿದ್ದರೆ, ಎತ್ತರ ವೇಗಗಳು ಹದಕ್ಕೆ ಬಾರದಿದ್ದರೆ, ಇಳಿಯಲೇಬೇಕೆಂಬ ಹಂಬಲವನ್ನು ಬಿಟ್ಟು ಮೇಲೇರಬೇಕು. ಬೇರೆ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು ಇಂಧನವನ್ನು ಮೊದಲೇ ತುಂಬಿಕೊಂಡಿರುತ್ತಾರೆ. ಅಂದರೆ ಹೊರಡುವಾಗಲೇ ಹಿಂದಿರುಗುವ ದಾರಿಯನ್ನೂ ಯೋಚಿಸಿ ಹೊರಟಿರುತ್ತಾರೆ. ಇಷ್ಟಾದರೂ ಪಾಠ ಪೂರ್ತಿ ತಲೆಗೆ ಹತ್ತಲಿಲ್ಲ. 2020ರ ಆಗಸ್ಟ್ 7ರಂದು ಕೇರಳದ ಕೋಳಿಕ್ಕೋಡಿನ ಟೇಬಲ್‌ಟಾಪ್ ನಿಲ್ದಾಣದಲ್ಲಿ, ದುಬೈಯಿಂದಲೇ ಬಂದ ವಿಮಾನವು ಮಳೆಯಲ್ಲಿ ದಾರಿ ಮೀರಿ ಬಿದ್ದು 21 ಮಂದಿ ಮಡಿದರು. ಅಲ್ಲಿಯೂ ಸಹಪೈಲಟ್ ಮೇಲೇರಲು ಹೇಳಿದ್ದರೆಂದು ತನಿಖಾ ವರದಿ ತಿಳಿಸಿತು.

ಕಿರಿಯರ ಮಾತು

ಮದೈರಾದ ಅಪಘಾತ ನಡೆದ 1977ರಲ್ಲೇ, ಮಾರ್ಚ್ 27ರಂದು, ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಕವಿದ ಹೊತ್ತು ಎರಡು ಭಾರೀ ವಿಮಾನಗಳು ನೆಲದ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ವೈಮಾನಿಕ ಚರಿತ್ರೆಯಲ್ಲಿ ಅಷ್ಟು ದೊಡ್ಡ ಅಪಘಾತ ಬೇರೆ ಇಲ್ಲ. ಎದುರಿನ ವಿಮಾನ ದಾರಿ ಬಿಟ್ಟಿದೆಯೇ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಸಂಶಯ ತೋರಿದಾಗ, ಪ್ರಖ್ಯಾತರಾದ ಹಿರಿಯ ಪೈಲಟ್ ಅದನ್ನು ತಳ್ಳಿಹಾಕಿ ವಿಮಾನ ಓಡಿಸಿದ್ದರು. ಆ ಬಳಿಕ ಜಗತ್ತಿನಾದ್ಯಂತ ಪೈಲಟ್ಟರಿಗೆ ಹೊಸ ಬಗೆಯ ಶಿಕ್ಷಣ ರೂಪುಗೊಂಡಿತು. ಹಿರಿಯನು ಕಿರಿಯನ ಮಾತಿಗೆ ಕಿವಿಗೊಡಬೇಕು, ಕಿರಿಯನು ಅಂಜದೆ ಹೇಳಬೇಕು ಎಂಬುದೇ ಅದರ ತಿರುಳು.

ಇದನ್ನು ತಿಳಿದಾಗ ನಮಗೆ ನಮ್ಮ ಮನೆಗಳ ನೆನಪಾಯಿತು. ಸಾಲ ಮಾಡಿಯಾದರೂ ಮದುವೆಯನ್ನು ವೈಭವದಿಂದ ಮಾಡುವೆನೆನ್ನುವ ತಂದೆಗೆ ಮಗಳು ಬೇಡವೆನ್ನುತ್ತಾಳೆ; ತಂದೆ ಕೇಳುವುದಿಲ್ಲ. ಸರಿಯಾದ ಕಾಗದಪತ್ರವಿಲ್ಲದೆ ದಲ್ಲಾಳಿಯ ಮಾತು ನಂಬಿ ಪರದೇಶಕ್ಕೆ ಹೊರಟ ಅಣ್ಣನಿಗೆ ತಮ್ಮನು ಎಚ್ಚರಿಸುತ್ತಾನೆ, ಅಣ್ಣ ನಗುತ್ತಾನೆ. ಇಷ್ಟು ದೂರ ಬಂದಾಯಿತು, ಇನ್ನು ಹಿಂದಿರುಗಿದರೆ ಮಾನ ಹೋಗುತ್ತದೆ ಎಂಬ ಭಾವನೆಯೇ ನಮ್ಮನ್ನು ಅಂಚಿನವರೆಗೆ ಒಯ್ಯುತ್ತದೆ. ಹಿರಿಯ ಕಿರಿಯ, ಗಂಡು ಹೆಣ್ಣು ಎನ್ನದೆ ಎಲ್ಲರ ನುಡಿಗೂ ಎಡೆಯಿದ್ದ ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು, ನಮ್ಮ ಪಡಸಾಲೆಯಲ್ಲಿ ಮಕ್ಕಳ ಮಾತಿಗೆ ಎಷ್ಟು ಎಡೆ ಕೊಡುತ್ತಿದ್ದೇವೆ ಎಂಬುದನ್ನು ಕೇಳಿಕೊಳ್ಳಬೇಕಾಗಿದೆ.

ಪರದೇಶಕ್ಕೆ ಮಕ್ಕಳನ್ನು ಕಳುಹಿಸುವ ಮನೆಯವರಿಗೆ ಎರಡು ಮಾತು. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ಹೋಗುವಾಗ ಸರಕಾರದ ವಲಸೆ ಅನುಮತಿಯನ್ನು ಪಡೆಯಬೇಕೆಂಬ ನಿಯಮವು ಅವರ ರಕ್ಷಣೆಗಾಗಿಯೇ ಇದೆ. ಅದನ್ನು ತಪ್ಪಿಸುವ ಅಡ್ಡದಾರಿ ತೋರಿಸುವವರನ್ನು ನಂಬಬಾರದು. ಇನ್ನು ಮಳೆಗಾಲದಲ್ಲಿ ಬಜಪೆಗೆ ಹೊರಡುವವರು ದಾರಿಗೆಂದು ಒಂದೆರಡು ಗಂಟೆ, ಆಕಾಶಕ್ಕೆಂದು ಅರ್ಧ ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು. ಮುದುಕರು ಮಕ್ಕಳು ಜೊತೆಯಿದ್ದರೆ ಬುತ್ತಿ, ಔಷಧಿ ಮರೆಯಬಾರದು.

ಅಂದು ಬೆಂಗಳೂರಿಗೆ ಹೋದ ವಿಮಾನವು ಮಳೆ ತೆರಪು ಕೊಟ್ಟ ಮೇಲೆ ಮಧ್ಯಾಹ್ನ ಮರಳಿ ಬಂತು. ಗಾಜಿನ ಬಾಗಿಲು ತೆರೆದು ಮಗಳು ಹೊರಬಂದಳು, ಕೂಸು ನಿದ್ರಿಸುತ್ತಿತ್ತು. ಅವಳ ಹಿಂದೆಯೇ ಭಟ್ಕಳದ ಹಿರಿಯರ ಮಗ ನಮ್ಮ ಮಗಳ ಚೀಲವನ್ನೂ ಹೊತ್ತು ಬಂದ. ತಾಯಿಯವರು ಕರಡಿಗೆ ತೆರೆದು ಮರಿಮಗುವಿನ ಹಣೆಗೆ ವಿಭೂತಿ ಹಚ್ಚಿದರು. ಆಮೇಲೆ ಆ ಹುಡುಗನ ತಲೆಯ ಮೇಲೂ ಕೈಯಿಟ್ಟು ಹರಸಿದರು. ನಾವು ಹಿಂದಕ್ಕೆ ಹೋಗಿ ಬೆಳಿಗ್ಗೆ ಬೈದ ಆ ಹುಡುಗಿಯನ್ನು ಹುಡುಕಿದೆವು. ಅವಳ ಪಾಳಿ ಮುಗಿದು ಮನೆಗೆ ಹೋಗಿದ್ದಳು. ಕೇಳಬೇಕಾದ ಕ್ಷಮೆ ಕೇಳದೆಯೇ ಉಳಿಯಿತು; ಈ ಬರಹವನ್ನಾದರೂ ಅವಳು ಅದೆಂದು ಭಾವಿಸಲಿ.

ಅಂದಿನಿಂದ ಮಕ್ಕಳನ್ನು ಬೀಳ್ಕೊಡುವಾಗ ನಾವು "ಬೇಗ ಬಾ" ಎನ್ನುವುದನ್ನು ಬಿಟ್ಟಿದ್ದೇವೆ. ತಡವಾದರೂ ಚಿಂತೆಯಿಲ್ಲ, ಸುಕ್ಷೇಮವಾಗಿ ಬಾ ಎನ್ನುತ್ತೇವೆ. ಈ ತೀರದ ಎಲ್ಲ ಮನೆಗಳ ಮಕ್ಕಳೂ ಹಾಗೆಯೇ ಬರಲಿ.